ನೀರು ಹಾಕಿದರೆ ಕಾರು ಓಡುತ್ತದೆಯೇ?

ಪ್ರಶ್ನೆ: ಬಾನೆಟ್ ಒಳಗೆ ಒಂದು ಚಿಕ್ಕ ಡಬ್ಬಿ ಜೋಡಿಸಿ ನೀರು ತುಂಬಿದರೆ ಅದರಿಂದ ಹೈಡ್ರೋಜನ್ ಬರುತ್ತದೆ, ಪೆಟ್ರೋಲ್ ಅರ್ಧಕ್ಕರ್ಧ ಉಳಿಯುತ್ತದೆ ಎಂಬ ವಿಡಿಯೋ ನೋಡಿದೆ. ಹೈಡ್ರೋಜನ್ ಕಾರುಗಳಂತೂ ನಿಜವಾಗಿಯೇ ಇವೆ. ಹಾಗಾದರೆ ಇದೂ ನಿಜ ಇರಬಹುದಲ್ವಾ?

ಉತ್ತರ: ಇಲ್ಲ. ಸುಮ್ನೆ ದುಡ್ಡು ಕಳೆದುಕೊಳ್ಳಬೇಡಿ. ನೀರು ಎಂದರೆ ಆಗಲೇ ಉರಿದು ಮುಗಿದ ಹೈಡ್ರೋಜನ್. ಒಲೆಯ ಬೂದಿಯನ್ನು ತಿರುಗಿ ಒಲೆಗೆ ಹಾಕಿದರೆ ಉರಿಯುತ್ತದೆಯೇ? ನೀರನ್ನು ಕರೆಂಟ್ ಕೊಟ್ಟು ಒಡೆಯಬಹುದು, ನಿಜ. ಆದರೆ ಒಡೆಯಲು ಹಾಕುವ ಶಕ್ತಿ, ಆ ಹೈಡ್ರೋಜನ್ ಉರಿದಾಗ ವಾಪಸ್ ಸಿಗುವುದಕ್ಕಿಂತ ಯಾವಾಗಲೂ ಜಾಸ್ತಿ. ಇನ್ನು ಆ ಡಬ್ಬಿಗೆ ಕರೆಂಟ್ ಬರುವುದು ಆಲ್ಟರ್ನೇಟರ್‌ನಿಂದ, ಆಲ್ಟರ್ನೇಟರನ್ನು ತಿರುಗಿಸುವುದು ಇಂಜಿನ್, ಇಂಜಿನ್ ಓಡುವುದು ನೀವು ಉಳಿಸಲು ಹೊರಟ ಅದೇ ಪೆಟ್ರೋಲ್‌ನಿಂದ! ನೀರಿನಿಂದಲೇ ಕಾರು ಓಡಿಸುತ್ತೇನೆ ಎಂದಿದ್ದ ಅಮೆರಿಕದ ಸ್ಟ್ಯಾನ್ಲಿ ಮೇಯರ್ ಮೇಲೆ ದುಡ್ಡು ಹಾಕಿದವರೇ ಕೇಸು ಹಾಕಿದರು. ತಜ್ಞರು ಅವನ ಯಂತ್ರವನ್ನು ಪರೀಕ್ಷಿಸಿ ನೋಡಿದಾಗ ಅದರಲ್ಲಿ ಇದ್ದದ್ದು ಕರೆಂಟ್ ಕೊಟ್ಟು ನೀರು ಒಡೆಯುವ, ಶಾಲೆಯ ಲ್ಯಾಬಿನಲ್ಲಿ ಮಾಡುವಂಥ ಮಾಮೂಲಿ ಪ್ರಯೋಗ. 1996ರಲ್ಲಿ ಒಹಾಯೋದ ಕೋರ್ಟು ಇದು ಮೋಸ ಎಂದು ಹೇಳಿ ಹಣ ವಾಪಸ್ ಕೊಡಿಸಿತು. ಆದರೂ ಆ ಕಥೆ ಇನ್ನೂ ಓಡುತ್ತಲೇ ಇದೆ, ಕಾರು ಮಾತ್ರ ಓಡಿಲ್ಲ.

ನಿಜವಾದ ಹೈಡ್ರೋಜನ್ ಕಾರಿನ ವಿಷಯವೇ ಬೇರೆ. 2014ರ ಕೊನೆಯಲ್ಲಿ ಮಾರಾಟಕ್ಕೆ ಬಂದ ಟೊಯೋಟಾ ಮಿರಾಯ್ ನೋಡಿ. ಹೈಡ್ರೋಜನ್ನನ್ನು ಹೊರಗೆಲ್ಲೋ ತಯಾರಿಸಿ, 700 ಬಾರ್ (ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು 700 ಪಟ್ಟು) ಒತ್ತಡದಲ್ಲಿ ಅದರ ಟ್ಯಾಂಕಿಗೆ ತುಂಬಬೇಕು. ಫ್ಯೂಯೆಲ್ ಸೆಲ್ ಅದರಿಂದ ಕರೆಂಟ್ ಮಾಡುತ್ತದೆ, ಮೋಟಾರು ಚಕ್ರ ತಿರುಗಿಸುತ್ತದೆ. ಐದು ನಿಮಿಷದಲ್ಲಿ ಟ್ಯಾಂಕ್ ಫುಲ್, ಹೊಗೆಯ ಬದಲು ನೀರು, ಕೇಳಲು ಚೆನ್ನಾಗಿದೆ. ಲೆಕ್ಕ ಹಾಕಿದಾಗಲೇ ತಕರಾರು ಶುರು. ಒಂದು ಕಿಲೋ ಹೈಡ್ರೋಜನ್‌ನಲ್ಲಿ ಇರುವುದು ಸುಮಾರು 33 ಯೂನಿಟ್ ಶಕ್ತಿ. ನೀರು ಒಡೆದು ಅದನ್ನು ಮಾಡಲು, ಒತ್ತಿ ತುಂಬಲು ಸೇರಿ 55 ಯೂನಿಟ್‌ನಷ್ಟು ಕರೆಂಟ್ ಬೇಕು. ಫ್ಯೂಯೆಲ್ ಸೆಲ್ ದಾಟಿ ಚಕ್ರಕ್ಕೆ ತಲುಪುವಾಗ ಉಳಿಯುವುದು 17ರ ಆಸುಪಾಸು. ಅದೇ 55 ಯೂನಿಟ್ಟನ್ನು ನೇರವಾಗಿ ಬ್ಯಾಟರಿಗೆ ತುಂಬಿದರೆ 40 ಯೂನಿಟ್ ಚಕ್ರಕ್ಕೆ ಸಿಗುತ್ತದೆ. ಸಾಲದ್ದಕ್ಕೆ ಇವತ್ತು ತಯಾರಾಗುವ ಬಹುಪಾಲು ಹೈಡ್ರೋಜನ್ ಬರುವುದು ನೀರಿನಿಂದ ಅಲ್ಲವೇ ಅಲ್ಲ, ನೈಸರ್ಗಿಕ ಅನಿಲ ಮತ್ತು ಕಲ್ಲಿದ್ದಲಿನಿಂದ. ಹಾಗಾಗಿ ದಿನಾ ಓಡಾಡುವ ಸಣ್ಣ ಕಾರಿಗೆ ಹೈಡ್ರೋಜನ್ ದಂಡ ಎಂದೇ ನನ್ನ ಅಭಿಪ್ರಾಯ. ದೂರ ಹೋಗುವ ಭಾರದ ಲಾರಿಗಳಲ್ಲಿ ಬ್ಯಾಟರಿಯ ತೂಕವೇ ಒಂದು ಹೊರೆ, ಅಲ್ಲಿ ಇದಕ್ಕೆ ಜಾಗ ಸಿಕ್ಕರೂ ಸಿಗಬಹುದು.

ಪ್ರಶ್ನೆ: ಎಥನಾಲ್ ಬೆರೆಸಿದ ಪೆಟ್ರೋಲ್ ಹಾಕಿದಾಗಿನಿಂದ ಮೈಲೇಜ್ ಇಳಿದಿದೆ. ಭ್ರಮೆಯೋ ನಿಜವೋ?

ಉತ್ತರ: ನಿಜವೇ. ಒಂದು ಲೀಟರ್ ಎಥನಾಲ್‌ನಲ್ಲಿ ಒಂದು ಲೀಟರ್ ಪೆಟ್ರೋಲಿನ ಮೂರನೇ ಎರಡು ಭಾಗದಷ್ಟು ಮಾತ್ರ ಶಕ್ತಿ ಇದೆ. 10 ಶೇಕಡಾ ಬೆರೆಸಿದರೆ ಸುಮಾರು 3, 20 ಶೇಕಡಾ ಬೆರೆಸಿದರೆ 6ರಿಂದ 7 ಶೇಕಡಾ ಮೈಲೇಜ್ ಕಡಿಮೆಯಾಗಬಹುದು. ಅದಕ್ಕಿಂತ ಜಾಸ್ತಿ ಇಳಿದಿದ್ದರೆ ಎಥನಾಲನ್ನು ಬೈಯುವ ಮೊದಲು ಟೈರಿನ ಗಾಳಿ, ಏರ್ ಫಿಲ್ಟರ್ ನೋಡಿಸಿ. ಎಥನಾಲ್‌ಗೆ ಆಕ್ಟೇನ್, ಅಂದರೆ ಇಂಜಿನ್ ಒಳಗಿನ ಒತ್ತಡಕ್ಕೆ ಹೊತ್ತಿಗೆ ಮೊದಲೇ ಹೊತ್ತಿಕೊಳ್ಳದ ಗುಣ, ಜಾಸ್ತಿ, ಆದ್ದರಿಂದ ಅದಕ್ಕೆಂದೇ ಮಾಡಿದ ಇಂಜಿನ್ ಒಂದಿಷ್ಟು ನಷ್ಟ ತುಂಬಿಕೊಳ್ಳುತ್ತದೆ. ಬ್ರೆಜಿಲ್‌ನಲ್ಲಿ 2003ರಿಂದ ಯಾವ ಪ್ರಮಾಣದಲ್ಲಿ ಬೆರೆಸಿದರೂ ಓಡುವ ಫ್ಲೆಕ್ಸ್ ಫ್ಯೂಯೆಲ್ ಕಾರುಗಳು ಮಾರಾಟವಾಗುತ್ತಿವೆ. ಹಳೆಯ ಕಾರಿದ್ದರೆ ಎಚ್ಚರ ಬೇಕು. ಎಥನಾಲ್ ಹಳೆಯ ರಬ್ಬರ್ ಪೈಪು, ಸೀಲುಗಳನ್ನು ಹಾಳು ಮಾಡುತ್ತದೆ, ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಗಾಡಿಯನ್ನು ತಿಂಗಳುಗಟ್ಟಲೆ ಹಾಗೇ ನಿಲ್ಲಿಸಬೇಡಿ. ಎಷ್ಟು ಶೇಕಡಾ ಎಥನಾಲ್‌ವರೆಗೆ ನಡೆಯುತ್ತದೆ ಎಂದು ಕಾರಿನ ಮ್ಯಾನ್ಯುಯಲ್‌ನಲ್ಲಿ ಬರೆದಿರುತ್ತದೆ, ಒಮ್ಮೆ ತೆರೆದು ನೋಡಿ.

ಪ್ರಶ್ನೆ: ಎಲೆಕ್ಟ್ರಿಕ್ ಕಾರಿನ ಮೇಲೆಯೇ ಸೋಲಾರ್ ಪ್ಯಾನೆಲ್ ಹಾಕಿಬಿಟ್ಟರೆ ಚಾರ್ಜಿಂಗ್ ತಲೆನೋವೇ ಇರಲ್ಲ ಅಲ್ವಾ?

ಉತ್ತರ: ಇರುತ್ತದೆ. ಕಾರಿನ ಮೇಲೆ ಸಿಗುವ ಜಾಗ ಎರಡು ಚದರ ಮೀಟರ್ ಅಂದುಕೊಳ್ಳಿ. ಸುಡುಬಿಸಿಲಿನಲ್ಲೂ 400 ವ್ಯಾಟ್ ಬಂದರೆ ದೊಡ್ಡದು. ಐದು ಗಂಟೆ ಪೂರ್ತಿ ಬಿಸಿಲು ಬಿದ್ದರೆ 2 ಯೂನಿಟ್, ಅಂದರೆ 12ರಿಂದ 14 ಕಿಲೋಮೀಟರ್. ಮೋಡ ಬಂದರೆ, ನೆರಳಲ್ಲಿ ನಿಲ್ಲಿಸಿದರೆ ಅದೂ ಇಲ್ಲ. ಪ್ಯಾನೆಲ್ಲನ್ನು ಮನೆಯ ಚಾವಣಿಗೆ ಹಾಕಿಸಿ, ಅಲ್ಲಿ ಜಾಗವೂ ಜಾಸ್ತಿ, ಬಿಸಿಲಿಗೆ ಸರಿಯಾದ ಕೋನದಲ್ಲೂ ಕೂರಿಸಬಹುದು. ಕಾರನ್ನು ತಂಪಾಗಿ ನೆರಳಲ್ಲಿ ನಿಲ್ಲಿಸಿ ಚಾರ್ಜ್ ಮಾಡಿಕೊಳ್ಳಿ, ಬ್ಯಾಟರಿಗೂ ಅದೇ ಒಳ್ಳೆಯದು.