ಇಳಕಲ್ಲಿನಂಥ ಊರಲ್ಲಿ ಮಗಳನ್ನು ಸರ್ಕಾರಿ ಹೈಸ್ಕೂಲಿಗೆ ಸೇರಿಸಬಹುದೇ?

ನೀವು ಕೇಳಿದ್ದು ಇಷ್ಟು: ಬೆಂಗಳೂರಿನ ಗಾರ್ಮೆಂಟ್ಸ್ ಕೆಲಸ ಬಿಟ್ಟು ಗಂಡನ ಊರು ಇಳಕಲ್ಲಿಗೆ ಬರುತ್ತಿದ್ದೀರಿ, ಮಗಳು ಖಾಸಗಿ ಇಂಗ್ಲಿಷ್ ಮೀಡಿಯಂನಲ್ಲಿ ಏಳನೇ ತರಗತಿ ಮುಗಿಸಿದ್ದಾಳೆ, ಇಲ್ಲಿ ಸರ್ಕಾರಿ ಹೈಸ್ಕೂಲಿಗೆ ಹಾಕಿದರೆ ಹಿಂದೆ ಬೀಳುತ್ತಾಳೇನೋ ಎಂಬ ಭಯ. ಬಾಗಲಕೋಟೆ ಜಿಲ್ಲೆಯ ಸರ್ಕಾರಿ ಹೈಸ್ಕೂಲುಗಳಲ್ಲಿ ಇಪ್ಪತ್ತಾರು ವರ್ಷ ಗಣಿತ ಕಲಿಸಿ ನಿವೃತ್ತನಾದವನು ನಾನು. ಧೈರ್ಯವಾಗಿ ಹಾಕಿ. ಹಾಕುವುದಾದರೆ ಎಂಟನೇ ತರಗತಿಗೇ ಹಾಕಿ. ‘ಒಂದು ವರ್ಷ ಖಾಸಗಿಯಲ್ಲಿರಲಿ, ಒಂಬತ್ತಕ್ಕೆ ನೋಡೋಣ’ ಅನ್ನಬೇಡಿ.

ಕಾರಣ ಎನ್‌ಎಂಎಂಎಸ್ ಪರೀಕ್ಷೆ, ಅಂದರೆ ಕಡಿಮೆ ಆದಾಯದ ಮನೆಯ ಜಾಣ ಮಕ್ಕಳಿಗೆ ಕೇಂದ್ರ ಸರ್ಕಾರ ಕೊಡುವ ವಿದ್ಯಾರ್ಥಿವೇತನದ ಪರೀಕ್ಷೆ. ಅದನ್ನು ಬರೆಯಲು ಸಿಗುವುದು ಎಂಟನೇ ತರಗತಿಯಲ್ಲಿ ಒಂದೇ ಸಲ, ಅದೂ ಸರ್ಕಾರಿ, ಅನುದಾನಿತ ಮತ್ತು ಸ್ಥಳೀಯ ಸಂಸ್ಥೆಗಳ ಶಾಲೆಯ ಮಕ್ಕಳಿಗೆ ಮಾತ್ರ. ಅನುದಾನವಿಲ್ಲದ ಖಾಸಗಿ ಶಾಲೆಯಲ್ಲಿ ಓದುವವರಿಗೆ ಇಲ್ಲ. ಮನೆಯ ವಾರ್ಷಿಕ ಆದಾಯ 3.5 ಲಕ್ಷ ರೂಪಾಯಿ ಮೀರಿರಬಾರದು, ಏಳನೇ ತರಗತಿಯಲ್ಲಿ ಶೇ 55 ಅಂಕ ಇರಬೇಕು (ಪರಿಶಿಷ್ಟರಿಗೆ ಶೇ 50). ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿ ತನಕ ವರ್ಷಕ್ಕೆ 12,000 ರೂಪಾಯಿ, ಮಗುವಿನ ಖಾತೆಗೇ ಜಮೆ. ನಾಲ್ಕು ವರ್ಷಕ್ಕೆ 48,000. ನೇಕಾರರ ಮನೆಯಲ್ಲಿ ಈ ದುಡ್ಡಿಗೆ ಎಷ್ಟು ಬೆಲೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಹತ್ತನೇ ತರಗತಿ ಮುಗಿಸಿದ ಹೆಣ್ಣುಮಗಳನ್ನು ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಲು ಕೂರಿಸದೆ ಕಾಲೇಜಿಗೆ ಕಳಿಸುವ ಧೈರ್ಯ ಎಷ್ಟೋ ತಂದೆ-ತಾಯಿಗೆ ಬಂದದ್ದು ಈ ದುಡ್ಡಿನಿಂದಲೇ.

ಇದರಲ್ಲಿ ನನ್ನ ಮನೆಯದೇ ಒಂದು ನೋವಿದೆ. ತಮ್ಮನ ಮಗಳು ಬೇರೆ ತಾಲ್ಲೂಕಿನ ಒಂದು ಶಾಲೆಯಲ್ಲಿದ್ದಳು, ಲೆಕ್ಕದಲ್ಲಿ ಚುರುಕು. ಅರ್ಜಿ ಶಾಲೆಯ ಲಾಗಿನ್‌ನಿಂದಲೇ ಹೋಗಬೇಕು, ತಂದೆ-ತಾಯಿ ಹಾಕುವ ಹಾಗಿಲ್ಲ. ಅಲ್ಲಿ ಯಾರೂ ಹಾಕಲಿಲ್ಲ. ನಾನು ವಿಚಾರಿಸುವ ಹೊತ್ತಿಗೆ ಕೊನೆಯ ದಿನ ದಾಟಿಹೋಗಿತ್ತು. ‘ದೊಡ್ಡಪ್ಪಾ, ಮುಂದಿನ ವರ್ಷ ಬರೀಲಿ?’ ಅಂತ ಕೇಳಿದಳು. ಮುಂದಿನ ವರ್ಷ ಅನ್ನೋದು ಈ ಪರೀಕ್ಷೆಗೆ ಇಲ್ಲವೇ ಇಲ್ಲ. ಅಂದಿನಿಂದ ಯಾರು ಹೈಸ್ಕೂಲಿನ ಬಗ್ಗೆ ಕೇಳಿದರೂ ನಾನು ಮೊದಲು ಹೇಳುವುದು ಇದನ್ನೇ. ನೀವು ಶಾಲೆ ನೋಡಲು ಹೋದಾಗ ಗೋಡೆಯ ಮೇಲಿನ ಎಸ್‌ಎಸ್‌ಎಲ್‌ಸಿ ಫಲಿತಾಂಶದ ಬೋರ್ಡು ಆಮೇಲೆ ನೋಡಿ. ಹೆಡ್‌ಮಾಸ್ತರರನ್ನು ಕೇಳಿ: ಕಳೆದ ವರ್ಷ ಎಂಟನೇ ತರಗತಿಯಿಂದ ಎಷ್ಟು ಮಕ್ಕಳು ಎನ್‌ಎಂಎಂಎಸ್ ಬರೆದರು, ತಯಾರಿ ಮಾಡಿಸುವವರು ಯಾರು? ಅದರಲ್ಲಿ ಎರಡು ಪತ್ರಿಕೆ. ಮ್ಯಾಟ್‌ನಲ್ಲಿ 90 ಪ್ರಶ್ನೆ, ಪೂರ್ತಿ ತರ್ಕದ್ದು. ಸ್ಯಾಟ್‌ನಲ್ಲಿ 90, ವಿಜ್ಞಾನ, ಸಮಾಜ ಮತ್ತು ಗಣಿತದ್ದು. ಮ್ಯಾಟ್ ಪಠ್ಯಪುಸ್ತಕದಲ್ಲಿ ಇರುವುದಿಲ್ಲ, ರೂಢಿ ಮಾಡಿಸಲೇಬೇಕು. ನಾನು ಬೆಳಗಿನ ಪ್ರಾರ್ಥನೆಗೆ ಮುಂಚೆ ದಿನಕ್ಕೆ ಹತ್ತು ಪ್ರಶ್ನೆ ಮಾಡಿಸುತ್ತಿದ್ದೆ. ಕೇಳಿದ ಕೂಡಲೇ ಹೆಡ್‌ಮಾಸ್ತರರ ಬಾಯಲ್ಲಿ ಒಬ್ಬ ಶಿಕ್ಷಕರ ಹೆಸರು ಬಂತೆಂದರೆ, ಆ ಶಾಲೆ ಸರಿಯಿದೆ.

ಇನ್ನು ಮಾಧ್ಯಮದ ಮಾತು. ಮೊದಲ ಎರಡು-ಮೂರು ತಿಂಗಳು ಆಕೆಗೆ ಕಷ್ಟವಾಗುವುದು ನಿಜ. ನಿಮ್ಮ ಮಗಳಂತೆಯೇ ಬೆಂಗಳೂರಿನಿಂದ ಬಂದ ಹುಡುಗಿಯೊಬ್ಬಳು ನನ್ನ ತರಗತಿಯಲ್ಲಿದ್ದಳು. ಬೋರ್ಡಿನ ಮೇಲೆ ‘ಲ.ಸಾ.ಅ. ಕಂಡುಹಿಡಿಯಿರಿ’ ಎಂದು ಬರೆದರೆ ಸುಮ್ಮನೆ ಕೂತಳು. ಹತ್ತಿರ ಹೋಗಿ ‘ಎಲ್‌ಸಿಎಂ ಅದು’ ಅಂದೆ. ಅರ್ಧ ನಿಮಿಷದಲ್ಲಿ ಉತ್ತರ ಬರೆದಳು. ಲೆಕ್ಕ ಬರುತ್ತಿತ್ತು, ಹೆಸರು ಗೊತ್ತಿರಲಿಲ್ಲ ಅಷ್ಟೆ. ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಆಕೆ ಎರಡು ಸಾಲು ಮಾಡಿಕೊಂಡಿದ್ದಳು, ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಕನ್ನಡ. ದಸರಾ ರಜೆ ಮುಗಿಯುವಷ್ಟರಲ್ಲಿ ಆ ಪುಟ ತಿರುವುವ ಅಗತ್ಯ ಬೀಳಲಿಲ್ಲ. ಬೇಸಿಗೆ ರಜೆಯಲ್ಲೇ ಏಳನೆಯ ಕನ್ನಡ ಮಾಧ್ಯಮದ ಗಣಿತ, ವಿಜ್ಞಾನ ಪುಸ್ತಕ ತರಿಸಿಕೊಟ್ಟರೆ ನಿಮ್ಮ ಮಗಳಿಗೆ ಇನ್ನೂ ಸಲೀಸು. ಕೆಲವು ಸರ್ಕಾರಿ ಹೈಸ್ಕೂಲುಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗವೂ ಇದೆ, ವಿಚಾರಿಸಿ.

ಪಾಠದ ಹೊರಗೆ ಏನಿದೆ ಅಂತಲೂ ಕೇಳಿದ್ದೀರಿ. ನನಗೆ ಅತ್ಯಂತ ಪ್ರೀತಿಯದ್ದು ಪ್ರತಿಭಾ ಕಾರಂಜಿ, ಶಾಲಾ ಮಕ್ಕಳಿಗಾಗಿ ಇಲಾಖೆ ನಡೆಸುವ ಕಲೆ-ಸಾಹಿತ್ಯದ ಸ್ಪರ್ಧೆ. ಕಂಠಪಾಠ, ಆಶುಭಾಷಣ, ಭಾವಗೀತೆ, ಕವ್ವಾಲಿ, ಜನಪದ ನೃತ್ಯ ಎಲ್ಲ ಇರುತ್ತವೆ. ಗೆದ್ದವರು ಕ್ಲಸ್ಟರಿನಿಂದ (ಅಕ್ಕಪಕ್ಕದ ಶಾಲೆಗಳ ಗುಂಪು) ತಾಲ್ಲೂಕು, ಜಿಲ್ಲೆ ಅಂತ ಮೇಲೆ ಹೋಗುತ್ತಾರೆ. ತರಗತಿಯಲ್ಲಿ ಬಾಯಿ ಬಿಡದ ಒಬ್ಬ ಹುಡುಗನನ್ನು ಒಮ್ಮೆ ಮಣ್ಣಿನ ಮಾದರಿ ಸ್ಪರ್ಧೆಗೆ ಕರೆದೊಯ್ದಿದ್ದೆ. ಬಕೆಟ್ಟಿನಲ್ಲಿ ಹಸಿ ಅರಿವೆ ಸುತ್ತಿದ ಮಣ್ಣು ತಂದಿದ್ದ. ಮಾಡಿದ್ದು ಕೈಮಗ್ಗ. ಅಂಗೈ ಅಗಲದ ಮಗ್ಗ, ಅದರೊಳಗೆ ಬೆರಳುಗುರಿನಷ್ಟು ಲಾಳಿ, ಲಾಳಿಗೆ ತನ್ನ ಅಂಗಿಯಿಂದ ಕಿತ್ತ ಒಂದು ಎಳೆ ನೂಲು. ತೀರ್ಪುಗಾರರು ‘ಈ ನೂಲು ಯಾಕಪಾ?’ ಅಂದರೆ, ‘ನೂಲಿಲ್ಲದ ಮಗ್ಗ ಹೆಂಗ್ ನಡೀತೈತ್ರಿ ಸರ್ರ?’ ಅಂದ. ಆ ವರ್ಷ ನಾನು ಅವನ ಬಾಯಿಂದ ಕೇಳಿದ ಅತಿ ಉದ್ದದ ಮಾತು ಅದು. ಮರುದಿನದಿಂದ ಅವನು ಮುಂದಿನ ಬೆಂಚಿಗೆ ಬಂದು ಕೂತ.

ಕೆಲವು ಶಾಲೆಗಳಲ್ಲಿ ಒಂಬತ್ತು-ಹತ್ತಕ್ಕೆ ಮೂರನೇ ಭಾಷೆಯ ಬದಲು ಎನ್‌ಎಸ್‌ಕ್ಯೂಎಫ್ ವಿಷಯ, ಅಂದರೆ ಕೈಕಸುಬಿನ ವೃತ್ತಿ ವಿಷಯ ಇರುತ್ತದೆ: ಐಟಿ, ಆಟೊಮೊಬೈಲ್, ಬ್ಯೂಟಿ ಅಂಡ್ ವೆಲ್‌ನೆಸ್ ಇತ್ಯಾದಿ. ‘ಹಿಂದಿ ಬಿಟ್ಟುಹೋಗುತ್ತೆ’ ಅಂತ ಗಾಬರಿಯಾಗಬೇಡಿ, ಕಲಿಸುವವರು ಖಾಯಂ ಇದ್ದಾರಾ ಅನ್ನುವುದನ್ನು ಮಾತ್ರ ಕೇಳಿ. ಮಧ್ಯಾಹ್ನದ ಬಿಸಿಯೂಟ ಹತ್ತನೇ ತರಗತಿ ತನಕ ಇದೆ, ಹಾಲು ಕೊಡುತ್ತಾರೆ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು.

ಬೆಂಗಳೂರು ಬಿಡುವ ಮುಂಚೆ ಒಂದು ಕೆಲಸ ಮುಗಿಸಿಕೊಳ್ಳಿ. ಟಿಸಿಯಲ್ಲಿ ಸ್ಯಾಟ್ಸ್ ನಂಬರು (ಶಿಕ್ಷಣ ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ ಪ್ರತಿ ಮಗುವಿಗೂ ಇರುವ ಸಂಖ್ಯೆ) ಇದೆಯೇ ನೋಡಿ. ಟಿಸಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಮೂರರಲ್ಲೂ ಮಗಳ ಹೆಸರು, ಇನಿಷಿಯಲ್ ಸಮೇತ, ಒಂದೇ ಥರ ಇರಬೇಕು. ವ್ಯತ್ಯಾಸ ಇದ್ದರೆ ಅಲ್ಲಿಯೇ ಸರಿಮಾಡಿಸಿ. ಇಲ್ಲಿಗೆ ಬಂದ ವಾರದಲ್ಲೇ ನಾಡಕಚೇರಿಯಲ್ಲಿ ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಕೊಡಿ.