ಸಾಲ ತೀರಿಸುವ ಯೋಜನೆಗೆ ಮುಂಚೆ ಖಾತೆ ಬದಲಿಸಬೇಕೆ?

ಪ್ರಶ್ನೆ: ಬ್ರಿಟನ್ನಿನಲ್ಲಿದ್ದೇನೆ. ಸಾಲ ಕೊಟ್ಟವರ ಒಪ್ಪಿಗೆಯಿಂದ ಕೈಲಾದಷ್ಟು ಕಂತಿನಲ್ಲಿ ಸಾಲ ತೀರಿಸುವ ಡೆಟ್ ಮ್ಯಾನೇಜ್‌ಮೆಂಟ್ ಪ್ಲಾನ್‌ಗೆ ಸೇರುತ್ತಿದ್ದೇನೆ. ಸಂಬಳ ಬರುವ ಬ್ಯಾಂಕಿನಲ್ಲೇ ಓವರ್‌ಡ್ರಾಫ್ಟ್ (ಖಾತೆಯಲ್ಲಿ ಇದ್ದದ್ದಕ್ಕಿಂತ ಹೆಚ್ಚು ತೆಗೆದ ಹಣ), ಕ್ರೆಡಿಟ್ ಕಾರ್ಡ್ ಬಾಕಿ ಇದೆ. ಖಾತೆ ಬದಲಿಸಲೇಬೇಕೆ?

ಉತ್ತರ: ಬದಲಿಸುವುದೇ ಕ್ಷೇಮ. ಕಾರ್ಡಿನ ಕಂತು ತಪ್ಪಿದರೆ, 'ಸೆಟ್ ಆಫ್' ಹಕ್ಕಿನಡಿ ಬ್ಯಾಂಕು ನಿಮ್ಮ ಖಾತೆಯ ಹಣವನ್ನೇ ಬಾಕಿಗೆ ಮುರಿದುಕೊಳ್ಳಬಹುದು. ಓವರ್‌ಡ್ರಾಫ್ಟಿನ ಕಥೆ ಇನ್ನೂ ಸರಳ: ಬಂದ ಸಂಬಳ ಮೊದಲು ಆ ಗುಂಡಿಯನ್ನೇ ತುಂಬುತ್ತದೆ.

ಹೊಸ ಬ್ಯಾಂಕು ಅದೇ ಸಮೂಹದ್ದಾಗಿರಬಾರದು. ಲಾಯ್ಡ್ಸ್ ಬಿಟ್ಟು ಹ್ಯಾಲಿಫ್ಯಾಕ್ಸ್‌ಗೆ ಹೋದರೆ ಮನೆ ಬದಲಾಗಲಿಲ್ಲ, ಕೋಣೆ ಬದಲಾಯಿತು ಅಷ್ಟೆ. ಓವರ್‌ಡ್ರಾಫ್ಟ್ ಇಲ್ಲದ ಬೇಸಿಕ್ ಖಾತೆ ಸಾಕು.

7 ಕೆಲಸದ ದಿನಗಳಲ್ಲಿ ಎಲ್ಲವನ್ನೂ ಸಾಗಿಸುವ ಕರೆಂಟ್ ಅಕೌಂಟ್ ಸ್ವಿಚ್ ಸೇವೆಯ ಗೊಡವೆ ಬೇಡ. ಸಾಲ ಕೊಟ್ಟವರು ಖಾತೆಯಿಂದ ತಾವೇ ಹಣ ಎಳೆದುಕೊಳ್ಳುವ ಡೈರೆಕ್ಟ್ ಡೆಬಿಟ್‌ಗಳೂ ಜೊತೆಗೇ ಬಂದುಬಿಡುತ್ತವೆ. ನೀವೇ ಒಂದೊಂದಾಗಿ ವರ್ಗಾಯಿಸಿ: ಮೊದಲು ಸಂಬಳ, ಆಮೇಲೆ ಬಾಡಿಗೆ, ಕೌನ್ಸಿಲ್ ಟ್ಯಾಕ್ಸ್ (ಸ್ಥಳೀಯ ಆಡಳಿತದ ತೆರಿಗೆ), ವಿದ್ಯುತ್ ಬಿಲ್ಲು. ಸಂಬಳದ ವಿಭಾಗಕ್ಕೆ ಮುಂಚಿತವಾಗಿ ತಿಳಿಸದಿದ್ದರೆ ಆ ತಿಂಗಳ ದುಡ್ಡು ಹಳೆಯ ಖಾತೆಗೇ ಹೋಗುತ್ತದೆ.

ಹೆಚ್ಚಿನವರು ಎಡವುವುದು ಇಲ್ಲಿ: ಸಾಲ ಕೊಟ್ಟವರಿಗೆ ನಿಮ್ಮ ಡೆಬಿಟ್ ಕಾರ್ಡ್ ಸಂಖ್ಯೆ ಕೊಟ್ಟಿದ್ದರೆ ಆ ಕಡಿತ ಡೈರೆಕ್ಟ್ ಡೆಬಿಟ್ ಪಟ್ಟಿಯಲ್ಲಿ ಕಾಣುವುದಿಲ್ಲ. ಕಾರ್ಡ್ ಕೊಟ್ಟ ಬ್ಯಾಂಕಿಗೆ ಹೇಳಿ ಅದನ್ನು ನಿಲ್ಲಿಸಿ. ಹಳೆಯ ಓವರ್‌ಡ್ರಾಫ್ಟನ್ನು ಯೋಜನೆಯ ಸಾಲಪಟ್ಟಿಗೆ ಸೇರಿಸಲು ಮರೆಯಬೇಡಿ.