ತಸುಕು ಹೊಂಜೊ ಅವರಿಗೆ ನೊಬೆಲ್ ಬಂದಿದ್ದು ಯಾವ ಕೆಲಸಕ್ಕೆ?

ರೋಗದ ವಿರುದ್ಧ ಹೋರಾಡುವ ಟಿ ಕೋಶಗಳಿಗಿರುವ ಒಂದು ಬ್ರೇಕ್ ಕಂಡುಹಿಡಿದಿದ್ದಕ್ಕೆ. ಅದೇ ಪಿಡಿ-1 ಎಂಬ ಪ್ರೋಟೀನ್. ಕ್ಯೋಟೊ ವಿಶ್ವವಿದ್ಯಾಲಯದ ಈ ಪ್ರೊಫೆಸರ್ ಲ್ಯಾಬ್‌ನಲ್ಲಿ 1992ರಲ್ಲಿ ಇದು ಸಿಕ್ಕಿತು. ಆಗ ಅವರು ಹುಡುಕುತ್ತಿದ್ದುದು ಕ್ಯಾನ್ಸರ್ ಔಷಧಿ ಅಲ್ಲವೇ ಅಲ್ಲ; ಜೀವಕೋಶಗಳು ತಾವಾಗಿಯೇ ಹೇಗೆ ಸಾಯುತ್ತವೆ ಅಂತ ನೋಡುತ್ತಿದ್ದರು.

ಪಿಡಿ-1ರ ಕೆಲಸ ತಿಳಿದಿದ್ದು ಆಮೇಲೆ. ಅದರ ಜೀನ್ ಇಲ್ಲದ ಇಲಿಗಳಲ್ಲಿ ರೋಗನಿರೋಧಕ ವ್ಯವಸ್ಥೆ ಸ್ವಂತ ದೇಹದ ಮೇಲೇ ದಾಳಿ ಮಾಡಿತು. ಅಂದರೆ ಇದು ಇರುವುದೇ ಅದನ್ನು ತಡೆಯೋಕೆ. ಕ್ಯಾನ್ಸರ್ ಮಹಾ ಚಾಲಾಕಿ: ಎಷ್ಟೋ ಗಡ್ಡೆಗಳು ಪಿಡಿ-1ಕ್ಕೆ ಅಂಟಿಕೊಳ್ಳುವ ಪ್ರೋಟೀನನ್ನು ಹೊರಮೈಯಲ್ಲಿ ಇಟ್ಟುಕೊಂಡು, ಹತ್ತಿರ ಬಂದ ಟಿ ಕೋಶವನ್ನು ಸುಮ್ಮನಾಗಿಸುತ್ತವೆ. ಹಾಗೆ ಅಂಟದಂತೆ ನಿವೊಲುಮಾಬ್ ಎಂಬ ಔಷಧಿ ಅಡ್ಡ ನಿಲ್ಲುತ್ತದೆ. ಎಲ್ಲರಿಗೂ ಇದು ಕೆಲಸ ಮಾಡಲ್ಲ.

2018ರ ನೊಬೆಲನ್ನು ಹೊಂಜೊ ಅಮೆರಿಕದ ಜೇಮ್ಸ್ ಆಲಿಸನ್ ಜೊತೆ ಹಂಚಿಕೊಂಡರು. ಆಲಿಸನ್ ಅವರದು ಬೇರೆ ಬ್ರೇಕ್, ಸಿಟಿಎಲ್‌ಎ-4.